ಕಡಲ ಗಾಳಿಗೆ ಸ್ಕೂಟರ್ ತುಕ್ಕು, ಏನು ಮಾಡಲಿ?

ಪ್ರಶ್ನೆ: ಮನೆ ಮಲ್ಪೆ ಕಡಲಿಗೆ ಹತ್ತಿರ. ಶೆಡ್ ಇಲ್ಲ, ಸ್ಕೂಟರ್ ಅಂಗಳದಲ್ಲೇ ನಿಲ್ಲುತ್ತದೆ. ಎರಡೇ ಮಳೆಗಾಲಕ್ಕೆ ಸೈಲೆನ್ಸರ್ ಬುಡ, ಸ್ಟ್ಯಾಂಡಿನ ಸ್ಪ್ರಿಂಗ್ ಎಲ್ಲ ಕೆಂಪಗಾಗಿದೆ. ದಿನಾ ಪ್ಲಾಸ್ಟಿಕ್ ಕವರ್ ಹಾಕುತ್ತೇನೆ, ಆದರೂ ಹೀಗ್ಯಾಕೆ?

ಉತ್ತರ 1: ಆ ಕವರೇ ತೊಂದರೆ ಮಾರಾಯ್ರೇ! ಒದ್ದೆ ಗಾಡಿಗೆ ಹೊದಿಸಿದರೆ ಒಳಗೇ ಬೆವರುತ್ತದೆ ಅಲ್ವಾ? ಒಣಗಿದ ಮೇಲೆ ಹಾಕಿ, ಕೆಳಗೆ ಗಾಳಿಯಾಡಲು ಬಿಡಿ. ವಾರಕ್ಕೊಮ್ಮೆ ಸಿಹಿನೀರಲ್ಲಿ ಅಡಿಭಾಗ ತೊಳೆಯಿರಿ, ಕೂತ ಉಪ್ಪು ಹೋಗಬೇಕು.

ಉತ್ತರ 2: ಈಗಿರುವ ತುಕ್ಕನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ರೆಡ್ ಆಕ್ಸೈಡ್ (ತುಕ್ಕು ತಡೆಯುವ ಅಡಿಬಣ್ಣ) ಬಳಿದು ಪೇಂಟ್ ಹೊಡೆಯಿರಿ. ಸೈಲೆನ್ಸರ್‌ಗೆ ಮಾತ್ರ ಬಿಸಿ ತಡೆಯುವ ಪೇಂಟೇ ಬೇಕು, ಸಾದಾದ್ದು ಸುಟ್ಟು ಉದುರುತ್ತದೆ. ನಾನು ಹಾಗೇ ಕೈಸುಟ್ಟುಕೊಂಡವ. ಸ್ಪ್ರಿಂಗಿಗೆ ಗ್ರೀಸ್ ಸಾಕು, ಬ್ರೇಕಿಗೆ ತಾಗಿಸಬೇಡಿ.

ಪ್ರಶ್ನೆ ಕೇಳಿದವರು: ಓಹ್, ನಾನು ಬೋರಿನ ಉಪ್ಪುನೀರಲ್ಲೇ ತೊಳೆಯುತ್ತಿದ್ದೆ!