ಸಂವಿಧಾನ ಎರವಲು ತಂದದ್ದು ಎನ್ನುವ ವಿದ್ಯಾರ್ಥಿಗೆ ಏನೆಂದು ಉತ್ತರಿಸಬೇಕು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಮಧುಗಿರಿ

ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ಜೊತೆಗೆ ಸಂವಿಧಾನದ ಪೀಠಿಕೆಯನ್ನೂ ಓದಿಸುತ್ತೇವೆ. ಹತ್ತನೇ ತರಗತಿಯ ಮಕ್ಕಳಿಗೆ ಅದು ಬಾಯಿಪಾಠವೇ ಆಗಿದೆ. ನವೆಂಬರ್ 26ರ ಸಂವಿಧಾನ ದಿನಕ್ಕೆ ಬರೀ ಭಾಷಣದ ಬದಲು ಚರ್ಚೆ ನಡೆಸೋಣವೆಂದು ತರಗತಿಯಲ್ಲಿ ಹೇಳಿದಾಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಎರಡು ಮಾತು ಕೇಳಿದ. ನಮ್ಮ ಸಂವಿಧಾನದ ಬಹುಪಾಲು ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆಯಿಂದಲೂ ಉಳಿದದ್ದು ಬೇರೆ ದೇಶಗಳಿಂದಲೂ ತೆಗೆದುಕೊಂಡದ್ದಾದರೆ ಅದನ್ನು ನಮ್ಮದು ಎಂದು ಹೇಗೆ ಹೇಳುವುದು ಎಂಬುದು ಮೊದಲನೆಯದು. ಮಹಾರಾಜರ ಕಾಲದಲ್ಲೇ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ, ಶಾಲೆ, ಆಸ್ಪತ್ರೆ, ವಿದ್ಯುತ್ತು ಎಲ್ಲವೂ ಇದ್ದಾಗ ಸಂವಿಧಾನದಿಂದ ನಮ್ಮ ಊರಿಗೆ ಹೊಸದಾಗಿ ಬಂದದ್ದೇನು ಎಂಬುದು ಎರಡನೆಯದು. ಅವನು ತರಲೆಗೆ ಕೇಳಿದ ಪ್ರಶ್ನೆಗಳಲ್ಲ. ಪಠ್ಯಪುಸ್ತಕದಲ್ಲಿರುವ ‘ಯಾವ ದೇಶದಿಂದ ಯಾವ ಅಂಶ’ ಎಂಬ ಪಟ್ಟಿಯನ್ನು ಓದಿದ ಯಾವ ಮಗುವಿಗೂ ಈ ಸಂಶಯ ಬರುವುದು ಸಹಜ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಇತಿಹಾಸ ಉಪನ್ಯಾಸಕ, ಗೌರಿಬಿದನೂರು

ಮೇಡಂ, ಎರಡನೆಯ ಪ್ರಶ್ನೆಗೆ ಉತ್ತರ ನಮ್ಮ ತಾಲ್ಲೂಕಿನಲ್ಲೇ ಇದೆ. ಮೈಸೂರಿನ ಸಾಧನೆಯನ್ನು ಕಡಿಮೆ ಮಾಡಿ ಹೇಳುವ ಅಗತ್ಯವಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. 1907ರಲ್ಲಿ ನ್ಯಾಯ ವಿಧಾಯಕ ಸಭೆಯೂ ಬಂತು. ಆದರೆ ಸಭೆಯ ಸದಸ್ಯರು ಅಹವಾಲು ಹೇಳಿಕೊಳ್ಳಬಹುದಿತ್ತೇ ಹೊರತು ದಿವಾನರನ್ನು ಕೆಳಗಿಳಿಸುವಂತಿರಲಿಲ್ಲ. ದಿವಾನರು ಉತ್ತರ ಕೊಡಬೇಕಾಗಿದ್ದದ್ದು ಮಹಾರಾಜರಿಗೆ, ಜನರಿಗಲ್ಲ. ಮತದಾನದ ಹಕ್ಕು ಕೂಡ ಆಸ್ತಿ, ಕಂದಾಯ, ವಿದ್ಯೆ ಇದ್ದವರಿಗೆ ಸೀಮಿತವಾಗಿತ್ತು.

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಡೆದದ್ದನ್ನು ಮಕ್ಕಳಿಗೆ ಹೇಳಿ. ಉತ್ತರ ಪಿನಾಕಿನಿಯ ದಡದ ಆ ಕ್ಷೇತ್ರದಲ್ಲಿ, ಅಶ್ವತ್ಥ ಮರದ ಸುತ್ತ ನಾಗರಕಲ್ಲುಗಳಿರುವ ದೇವಸ್ಥಾನದ ಬಳಿ, ನಿಷೇಧಾಜ್ಞೆಯನ್ನು ಮೀರಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳವರು. ಅದೇ ಜಾಗದಲ್ಲಿ ಈಗ ವೀರಸೌಧವಿದೆ. ಬಸ್ಸಿನ ಏರ್ಪಾಡಾದರೆ ಮಕ್ಕಳನ್ನು ಕರೆದುಕೊಂಡು ಬನ್ನಿ. ಘಟನೆಯ ವಿಚಾರಣೆಗೆ ಸಮಿತಿ ನೇಮಕವಾಯಿತು, ಬಾವುಟದ ವಿಷಯದಲ್ಲಿ ಕಾಂಗ್ರೆಸ್ಸಿಗೂ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರಕ್ಕೂ ಒಪ್ಪಂದವಾಯಿತು, ಎಲ್ಲವೂ ನಿಜ. ಆದರೆ ಸಭೆ ಸೇರುವುದು ತನ್ನ ಹಕ್ಕು, ಆ ಆಜ್ಞೆಯೇ ಹಕ್ಕಿಗೆ ವಿರುದ್ಧವಾದದ್ದು ಎಂದು ವಾದಿಸಲು ಒಬ್ಬ ರೈತನ ಕೈಯಲ್ಲಿ ಸರ್ಕಾರಕ್ಕಿಂತ ಮೇಲಿನ ಯಾವ ಬರಹವೂ ಆಗ ಇರಲಿಲ್ಲ. ಇಂದು 19ನೇ ವಿಧಿ ಇದೆ. ನಿಷೇಧಾಜ್ಞೆಗಳು ಈಗಲೂ ಬರುತ್ತವೆ, ಗೋಲಿಬಾರುಗಳೂ ಆಗಿವೆ. ಆದರೆ ಅದಕ್ಕೆ ಕಾರಣ ಕೊಡಬೇಕಾದ ಹೊಣೆ ಈಗ ಸರ್ಕಾರದ ಮೇಲಿದೆ, ಆ ಕಾರಣ ಸರಿಯೇ ಎಂದು ನೋಡುವ ಅಧಿಕಾರ ಹೈಕೋರ್ಟಿಗಿದೆ.

ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು. 1947ರ ಅಕ್ಟೋಬರ್‌ನಲ್ಲಿ ಮೊದಲ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿಯವರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರು. ಸಂವಿಧಾನ ರಚನಾ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳಲ್ಲಿ ಅವರೂ ಒಬ್ಬರು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರ್ ಅವರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೂ ಆಗುವುದೆಂದು ಘೋಷಣೆ ಹೊರಡಿಸಿದರು. ದೆಹಲಿಯ ಸಭೆ ಅದನ್ನು ಅಂಗೀಕರಿಸಿದ್ದು ಮರುದಿನ. ನಮ್ಮ ಭಾಗದ ಈ ಕಥೆಯನ್ನು ಪಠ್ಯಕ್ಕೆ ಸೇರಿಸಿ ಹೇಳಿದರೆ ಮಕ್ಕಳಿಗೆ ಅದು ದೂರದ ಸಂಗತಿಯೆಂದು ತೋರುವುದಿಲ್ಲ.

ಉತ್ತರ 2: ವಕೀಲ, ಕೋಲಾರ

ಮೊದಲನೆಯ ಪ್ರಶ್ನೆಯ ಬಗ್ಗೆ ಬರೆಯುತ್ತೇನೆ. ಈ ಆಕ್ಷೇಪಣೆ ಸಂವಿಧಾನದಷ್ಟೇ ಹಳೆಯದು. 1948ರ ನವೆಂಬರ್ 4ರಂದು ಕರಡನ್ನು ಸಭೆಯ ಮುಂದಿಡುವಾಗಲೇ ಅಂಬೇಡ್ಕರ್ ಅವರು ಇದಕ್ಕೆ ನೇರವಾಗಿ ಉತ್ತರ ಕೊಟ್ಟಿದ್ದಾರೆ. ಸಂವಿಧಾನದ ಮೂಲ ತತ್ವಗಳಿಗೆ ಯಾರೂ ಪೇಟೆಂಟ್ ಪಡೆದಿಲ್ಲ, ಎರವಲು ಪಡೆಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂಬುದು ಅವರ ಮಾತಿನ ಸಾರ. 1935ರ ಕಾಯ್ದೆಯಿಂದ ಬಂದದ್ದರಲ್ಲಿ ಹೆಚ್ಚಿನದು ಆಡಳಿತದ ವಿವರಗಳು ಎಂಬುದೇ ತಮಗೆ ಬೇಸರವೆಂದೂ ಅವರು ಹೇಳಿದರು. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬಿ.ಎನ್. ರಾವ್ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ನುಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರನ್ನೂ ತಜ್ಞರನ್ನೂ ಕಂಡು ಬಂದರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾವ್ ಅವರು ಕರಡು ಸಮಿತಿಯಲ್ಲಿದ್ದರು. ಕರಡಿಗೆ 7,635 ತಿದ್ದುಪಡಿಗಳು ಸೂಚಿತವಾಗಿ, ಅವುಗಳಲ್ಲಿ 2,473 ಸಭೆಯಲ್ಲಿ ಮಂಡನೆಯಾದವು. ಸುಮ್ಮನೆ ನಕಲು ಮಾಡುವ ಸಭೆ ಇಷ್ಟು ತಿಣುಕುವುದಿಲ್ಲ.

1935ರ ಕಾಯ್ದೆ ಬ್ರಿಟನ್ನಿನ ಸಂಸತ್ತು ನಮ್ಮ ಮೇಲೆ ಮಾಡಿದ ಕಾನೂನು. ಅದರಲ್ಲಿ ಮೂಲಭೂತ ಹಕ್ಕುಗಳ ಅಧ್ಯಾಯವಿರಲಿಲ್ಲ, ಎಲ್ಲ ವಯಸ್ಕರಿಗೂ ಮತವಿರಲಿಲ್ಲ, ಗವರ್ನರ್ ಜನರಲ್‌ಗೆ ವಿವೇಚನಾಧಿಕಾರ ಧಾರಾಳವಾಗಿತ್ತು. ವಾಕ್ಯಗಳು ಒಂದೇ ಥರ ಕಂಡರೂ ಅವುಗಳಿಗೆ ಅಧಿಕಾರ ಎಲ್ಲಿಂದ ಬಂತೆಂಬುದೇ ಬದಲಾಯಿತು. ಎರವಲು ತಂದದ್ದೆಲ್ಲ ಒಳ್ಳೆಯದೇ ಆಗಿತ್ತೆಂದು ನಾನು ವಾದಿಸುವುದಿಲ್ಲ. ಪ್ರಾಂತ್ಯದ ಆಡಳಿತವನ್ನು ಗವರ್ನರ್ ತಮ್ಮ ಕೈಗೆ ತೆಗೆದುಕೊಳ್ಳಲು ಬಿಟ್ಟ ಆ ಕಾಯ್ದೆಯ 93ನೇ ಕಲಮಿನ ನೆರಳು, ರಾಜ್ಯಗಳಲ್ಲಿ ರಾಷ್ಟ್ರಪತಿ ಆಳ್ವಿಕೆ ತರುವ 356ನೇ ವಿಧಿಯಲ್ಲಿದೆ. 1989ರಲ್ಲಿ ನಮ್ಮ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ವಜಾ ಆದದ್ದು ಅದರಿಂದಲೇ. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕೆಂದು ಸುಪ್ರೀಂ ಕೋರ್ಟು 1994ರಲ್ಲಿ ಹೇಳುವವರೆಗೆ ಅದಕ್ಕೆ ಕಡಿವಾಣವಿರಲಿಲ್ಲ.

ಮಕ್ಕಳಿಗೆ ಹೇಳಲು ನಾನು ಆಯ್ದುಕೊಳ್ಳುವುದು 15ನೇ ವಿಧಿಯ ಎರಡನೇ ಖಂಡವನ್ನು. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲುಗಳಿಂದ ಹೊರಗಿಡಬಾರದು; ಸರ್ಕಾರದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆಂದೇ ಬಿಟ್ಟ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಗೆ ಯಾರನ್ನೂ ತಡೆಯಬಾರದು ಎನ್ನುತ್ತದೆ ಅದು. ಒಂದು ದೇಶದ ಸಂವಿಧಾನದಲ್ಲಿ ಕೆರೆ, ಬಾವಿಗಳು ಏಕೆ ಬಂದವು? ಮುಂಬೈ ಪ್ರಾಂತ್ಯದ ಶಾಸನಸಭೆ 1923ರಲ್ಲೇ ಸಾರ್ವಜನಿಕ ನೀರಿನ ತಾಣಗಳು ಎಲ್ಲರಿಗೂ ತೆರೆದಿರಬೇಕೆಂದು ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಒಪ್ಪಿತ್ತು. ಆದರೂ ಚವದಾರ್ ಕೆರೆಗೆ ದಲಿತರು ಇಳಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಸಾವಿರಾರು ಜನರೊಂದಿಗೆ ಹೋಗಿ ಆ ಕೆರೆಯ ನೀರು ಕುಡಿದರು. ಮೇಲ್ಜಾತಿಯವರು ದೊಣ್ಣೆ ಹಿಡಿದು ಬಂದರು, ಕೆರೆಯನ್ನು ‘ಶುದ್ಧಿ’ ಮಾಡಿದರು, ನ್ಯಾಯಾಲಯಕ್ಕೂ ಹೋದರು. 1937ರಲ್ಲಿ ಬಾಂಬೆ ಹೈಕೋರ್ಟಿನ ತೀರ್ಪು ದಲಿತರ ಕಡೆ ಬಂತು. ನಿರ್ಣಯ ಬೇರೆ, ಜಾರಿಯಾಗುವ ಹಕ್ಕು ಬೇರೆ ಎಂಬುದನ್ನು ಆ ಕೆರೆಯ ದಂಡೆಯಲ್ಲಿ ಕಂಡವರೇ ಮುಂದೆ ಕರಡು ಸಮಿತಿಯ ಅಧ್ಯಕ್ಷರಾದರು. ಇದನ್ನು ಯಾವ ದೇಶದಿಂದ ಎರವಲು ತಂದದ್ದೆಂದು ಪಟ್ಟಿಯಲ್ಲಿ ಬರೆಯೋಣ? ಕೆರೆಯ ನೀರನ್ನೇ ನಂಬಿ ಬದುಕಿದ ನಮ್ಮ ಕೋಲಾರ, ತುಮಕೂರು ಜಿಲ್ಲೆಗಳ ಮಕ್ಕಳಿಗೆ ಈ ಖಂಡದ ತೂಕ ಬೇಗ ತಿಳಿಯುತ್ತದೆ.

ಶಿಕ್ಷಕಿಯ ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದಗಳು ಸರ್. ನೂರಕ್ಕೂ ಹೆಚ್ಚು ಬಾರಿ ತಿದ್ದುಪಡಿಯಾದ ಮೇಲೆ ಅದು ಬರೀ ಇನ್ನೊಂದು ಕಾಯ್ದೆಯಂತಾಯಿತಲ್ಲವೇ ಎಂದು ಯಾರಾದರೂ ಕೇಳಿದರೆ?

ಉತ್ತರ 2ರ ವಕೀಲರಿಂದ

ಅಲ್ಲ, ಮೇಡಂ. ಸಾಮಾನ್ಯ ಕಾಯ್ದೆಯನ್ನು ಸಂಸತ್ತು ಸರಳ ಬಹುಮತದಿಂದ ರದ್ದು ಮಾಡಬಹುದು. ಸಂವಿಧಾನದ ತಿದ್ದುಪಡಿಗೆ 368ನೇ ವಿಧಿಯ ವಿಶೇಷ ಬಹುಮತ ಬೇಕು, ಕೆಲವಕ್ಕೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ಜೊತೆಗೆ 1973ರ ಏಪ್ರಿಲ್ 24ರ ಕೇಶವಾನಂದ ಭಾರತಿ ತೀರ್ಪಿದೆ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರು ಹೂಡಿದ ಆ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳು ಕುಳಿತು, 7–6ರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದರು. ಒಬ್ಬ ನ್ಯಾಯಮೂರ್ತಿಯ ಅಂತರ ಅಷ್ಟೇ. ಅದನ್ನು ನೆನೆದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಉತ್ತರ 3: ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ, ಪಾವಗಡ

ಶಿಕ್ಷಕಿಯವರೇ, ಊರಿಗೆ ಬಂದದ್ದೇನು ಎಂದು ಕೇಳಿದ ಹುಡುಗನಿಗೆ ಪಂಚಾಯಿತಿ ಕಟ್ಟಡವನ್ನೂ ತೋರಿಸಿ. ನಮ್ಮ ರಾಜ್ಯದಲ್ಲಿ 1983ರ ಕಾಯ್ದೆಯಿಂದಲೇ ಒಳ್ಳೆಯ ಪಂಚಾಯತ್ ವ್ಯವಸ್ಥೆ ಬಂದಿತ್ತು, ಮಹಿಳೆಯರಿಗೆ ಮೀಸಲಾತಿಯೂ ಇತ್ತು. ಆದರೆ ಅದು ರಾಜ್ಯದ ಕಾಯ್ದೆ. ಚುನಾವಣೆ ಯಾವಾಗ ಎಂಬುದು ಸರ್ಕಾರದ ಮರ್ಜಿಗೆ ಬಿಟ್ಟದ್ದಾಗಿತ್ತು. 1993ರ ಏಪ್ರಿಲ್ 24ರಿಂದ ಜಾರಿಯಾದ 73ನೇ ತಿದ್ದುಪಡಿ ಐದು ವರ್ಷಕ್ಕೊಮ್ಮೆ ಚುನಾವಣೆಯನ್ನೂ, ಪರಿಶಿಷ್ಟರಿಗೂ ಮಹಿಳೆಯರಿಗೂ ಮೀಸಲು ಸ್ಥಾನವನ್ನೂ ಸಂವಿಧಾನದ ಮಾತನ್ನಾಗಿ ಮಾಡಿತು. ಹಾಗೆ ಬರೆದಿದ್ದರೂ 2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಮುಂದೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ ಎಂಬುದನ್ನೂ ಮಕ್ಕಳಿಂದ ಮುಚ್ಚಿಡಬೇಡಿ. ಅದು ಏಕೆ ತಪ್ಪು ಎಂದು 243-ಇ ವಿಧಿಯನ್ನು ಓದಿಸಿ, ಅವರಿಂದಲೇ ಉತ್ತರ ಬರೆಸಿ. ನಿಮ್ಮೂರಿನ ಗ್ರಾಮಸಭೆಯ ದಿನಾಂಕವನ್ನು ಪಿಡಿಒ ಅವರಲ್ಲಿ ವಿಚಾರಿಸಿದರೆ ಹತ್ತನೇ ತರಗತಿಯವರು ಹಿಂದಿನ ಸಾಲಿನಲ್ಲಿ ಕುಳಿತು ನಡಾವಳಿ ನೋಡಬಹುದು. ಯಾರು ಮಾತಾಡುತ್ತಾರೆ, ಯಾರು ಮಾತಾಡುವುದಿಲ್ಲ ಎಂದು ಬರೆದುಕೊಂಡು ಬರಲು ಹೇಳಿ.