ಗಿಡ ಬೆಳೆಸುವ 3 ಅಡಿ ಮೀನಿನ ಟ್ಯಾಂಕಿಗೆ ಯಾವ ಸಿಓ2, ಯಾವ ಫಿಲ್ಟರ್? ಬಳಸಿದವರು ಹೇಳಿ

ಪ್ರಶ್ನೆ, ಬೆಂಗಳೂರಿನಿಂದ:

ನಮ್ಮ ಮನೆಯಲ್ಲಿ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಮೀನಿನ ಟ್ಯಾಂಕ್ ಇದೆ. ಸದ್ಯಕ್ಕೆ ನಿಯಾನ್ ಟೆಟ್ರಾ, ಒಂದು ಹಳೇ ಸ್ಪಂಜ್ ಫಿಲ್ಟರ್, ಅಷ್ಟೇ. ಈಗ ನೀರೊಳಗಿನ ಗಿಡದ ಹುಚ್ಚು ಹಿಡಿದಿದೆ. ಮುಂದೆ ನೆಲಕ್ಕೆ ಹಬ್ಬುವ ಮಾಂಟೆ ಕಾರ್ಲೋ ಗಿಡದ ಹಾಸು, ಹಿಂದೆ ಕೆಂಪು ರೋಟಲಾ ಗಿಡ ಬೇಕು. ಗಿಡಕ್ಕೆ ಸಿಓ2 (ಇಂಗಾಲದ ಡೈಆಕ್ಸೈಡ್) ಕೊಡಲು ಒಬ್ಬ ಅಂಗಡಿಯವರು ಸಕ್ಕರೆ-ಯೀಸ್ಟ್ ಹುಳಿಸಿ ಗ್ಯಾಸ್ ಬರಿಸುವ ಬಾಟಲಿ ಸಾಕು ಎನ್ನುತ್ತಾರೆ, ಇನ್ನೊಬ್ಬರು ಗ್ಯಾಸ್ ಸಿಲಿಂಡರ್ ಇಲ್ಲದೆ ಆಗೋದೇ ಇಲ್ಲ ಎನ್ನುತ್ತಾರೆ. ಫಿಲ್ಟರ್ ವಿಷಯದಲ್ಲೂ ಟ್ಯಾಂಕಿನ ಹಿಂದೆ ನೇತುಹಾಕುವ ಹ್ಯಾಂಗ್ ಆನ್ ಬ್ಯಾಕಾ, ಹೊರಗೆ ಇಡುವ ಮುಚ್ಚಿದ ಡಬ್ಬದ ಕ್ಯಾನಿಸ್ಟರಾ ಗೊತ್ತಾಗುತ್ತಿಲ್ಲ. ನೀರು ಬೋರ್‌ವೆಲ್‌ದು.

ಮೈಸೂರಿನಿಂದ:

ಲೈಟ್ ಯಾವುದು ಅಂತ ನೀವು ಹೇಳಲೇ ಇಲ್ಲ. ಎಲ್ಲ ಅಲ್ಲಿಂದಲೇ ಶುರು. ಬೆಳಕು ಜಾಸ್ತಿಯಾದಷ್ಟೂ ಗಿಡ ಜಾಸ್ತಿ ಸಿಓ2 ಕೇಳುತ್ತದೆ, ಅದು ಸಿಗದಿದ್ದರೆ ಗಿಡ ಸೊರಗಿ ಪಾಚಿ ಮೆರೆಯುತ್ತದೆ. ಮಂದ ಬೆಳಕಿಗೆ ಸಿಲಿಂಡರ್ ಇಡುವುದೂ ದಂಡ, ಜೋರು ಬೆಳಕಿಗೆ ಬಾಟಲಿ ಇಡುವುದೂ ದಂಡ. ನೀವು ಹೇಳಿದ ಕೆಂಪು ರೋಟಲಾ ಮ್ಯಾಕ್ರಾಂಡ್ರಾ ಜಾತಿಯದಾಗಿದ್ದರೆ ಸಿಲಿಂಡರ್ ಬೇಕೇ ಬೇಕು. ದಕ್ಷಿಣ ಭಾರತದ್ದೇ ಗಿಡ, ಆದರೂ ಟ್ಯಾಂಕಿನಲ್ಲಿ ಅದರ ನಖರಾ ಕಡಿಮೆ ಏನಲ್ಲ.

ದುಡ್ಡು ಸುರಿಯುವುದಿದ್ದರೆ ಸಿಲಿಂಡರಿನ ಒತ್ತಡ ಇಳಿಸುವ ರೆಗ್ಯುಲೇಟರ್ ಮೇಲೆ ಸುರಿಯಿರಿ. ಉಳಿದದ್ದೆಲ್ಲ ಆಮೇಲೆ ಬದಲಾಯಿಸಬಹುದು. ಸಿಲಿಂಡರಿನೊಳಗೆ ಸಿಓ2 ದ್ರವವಾಗಿರುತ್ತದೆ, 25 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 64 ಬಾರ್. ತುಂಬಿದ್ದರೂ ಅಷ್ಟೇ, ಅರ್ಧ ಖಾಲಿಯಾದರೂ ಅಷ್ಟೇ. ಹಾಗಾಗಿ ಮೀಟರಿನ ಮುಳ್ಳು ನೋಡಿ ಗ್ಯಾಸ್ ಎಷ್ಟಿದೆ ಅಂತ ತಿಳಿಯುವುದಿಲ್ಲ, ಮುಳ್ಳು ಇಳಿಯಲು ಶುರುವಾಯಿತು ಅಂದರೆ ಒಳಗಿನ ದ್ರವ ಮುಗಿದಿದೆ ಅಂತಲೇ ಅರ್ಥ. ಆಗ ಒಂದೇ ಹಂತದಲ್ಲಿ ಒತ್ತಡ ಇಳಿಸುವ ಸಿಂಗಲ್ ಸ್ಟೇಜ್ ರೆಗ್ಯುಲೇಟರಿನಲ್ಲಿ ಹೊರಬರುವ ಒತ್ತಡ ತಾನಾಗಿ ಏರುತ್ತದೆ, ಗ್ಯಾಸಿನ ಹರಿವು ಹೊಂದಿಸುವ ನೀಡಲ್ ವಾಲ್ವ್ ಅಗ್ಗದ್ದಾಗಿದ್ದರೆ ಉಳಿದ ಗ್ಯಾಸೆಲ್ಲ ಭರ್ರಂತ ಟ್ಯಾಂಕಿಗೆ ನುಗ್ಗಿ ಮೀನೆಲ್ಲ ಹೋಗುತ್ತವೆ. ಎರಡು ಹಂತದಲ್ಲಿ ಇಳಿಸುವ ಡ್ಯುಯಲ್ ಸ್ಟೇಜ್ ತಗೊಂಡರೆ ಈ ತಲೆನೋವಿಲ್ಲ. ಅಷ್ಟು ಬಜೆಟ್ ಇಲ್ಲವಾದರೆ ಅಡುಗೆ ಗ್ಯಾಸಿನ ಹಾಗೆ ಸಿಲಿಂಡರ್ ತೂಕ ಮಾಡಿ. ಖಾಲಿ ತೂಕ ಅದರ ಭುಜದ ಮೇಲೆ ಕೆತ್ತಿರುತ್ತದೆ. ಮುಳ್ಳು ಇಳಿದ ದಿನವೇ ಮುಚ್ಚಿ ರೀಫಿಲ್‌ಗೆ ಕಳಿಸಿಬಿಡಿ.

ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಇರುವ ಸೆಟ್ಟನ್ನೇ ತಗೊಳ್ಳಿ. ಟೈಮರಿಗೆ ಹಾಕಿದರೆ ಲೈಟ್ ಹತ್ತುವ ಒಂದೆರಡು ಗಂಟೆ ಮೊದಲು ಗ್ಯಾಸ್ ಶುರುವಾಗಬೇಕು, ಲೈಟ್ ಆರುವ ಒಂದು ಗಂಟೆ ಮೊದಲು ನಿಲ್ಲಬೇಕು. ಕರೆಂಟ್ ಹೋದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ, ಇದು ದೊಡ್ಡ ಸಮಾಧಾನ. ಪೈಪ್ ಮಾತ್ರ ಏರ್ ಪಂಪಿನ ಸಿಲಿಕೋನ್ ಟ್ಯೂಬ್ ಬೇಡ, ಅದರ ಗೋಡೆಯ ಮೂಲಕವೇ ಸಿಓ2 ಸೋರುತ್ತದೆ. ಪಾಲಿಯುರಿಥೇನ್ ಟ್ಯೂಬ್ ಹಾಕಿ.

ಶಿವಮೊಗ್ಗದಿಂದ:

ಸಕ್ಕರೆ-ಯೀಸ್ಟನ್ನು ಪೂರ್ತಿ ಬೈಯಬೇಡಿ. ಒಂದು ಅಡಿಯ ಟ್ಯಾಂಕಿಗೆ ಅದು ಚೆನ್ನಾಗಿಯೇ ನಡೆಯುತ್ತದೆ, ನಾನು ಈಗಲೂ ಒಂದಕ್ಕೆ ಇಟ್ಟಿದ್ದೇನೆ. ಆದರೆ ಪ್ರಶ್ನೆ ಕೇಳಿದವರದ್ದು ಅಳತೆ ಪ್ರಕಾರ 190 ಲೀಟರ್ ಟ್ಯಾಂಕ್. ಕಲ್ಲು, ಮಣ್ಣು ಕಳೆದರೂ 150 ಲೀಟರಿಗೆ ಕಡಿಮೆ ನೀರಿರುವುದಿಲ್ಲ. ಅದಕ್ಕೆ ಬಾಟಲಿಗಳ ಸಾಲನ್ನೇ ಇಡಬೇಕು. ಮೊದಲ ವಾರ ಬುಳುಬುಳು ಅಂತ ಬರುತ್ತದೆ, ಎರಡನೇ ವಾರ ಸೊರಗುತ್ತದೆ, ಚಳಿಗಾಲದಲ್ಲಿ ಇನ್ನೂ ನಿಧಾನ, ರಾತ್ರಿ ನಿಲ್ಲಿಸೋಣ ಅಂದರೆ ನಿಲ್ಲುವುದಿಲ್ಲ. ಸಿಓ2 ಕಡಿಮೆ ಇದ್ದರೂ ಗಿಡ ಒಗ್ಗಿಕೊಳ್ಳುತ್ತದೆ, ದಿನಾ ಏರುಪೇರಾದರೆ ಕಷ್ಟ. ಕಪ್ಪು ಗಡ್ಡದ ಹಾಗಿನ ಪಾಚಿ ಇದೆಯಲ್ಲ, ಅದು ಬರುವುದು ಹೆಚ್ಚಾಗಿ ಇಂಥ ಕಡೆಯೇ.

ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಸಿಡ್ ಎರಡು ಬಾಟಲಿಯ ಸೆಟ್ ಇದಕ್ಕಿಂತ ವಾಸಿ, ವಾಲ್ವ್ ಇರುವುದರಿಂದ ಹಿಡಿತದಲ್ಲಿರುತ್ತದೆ. 2 ಅಡಿವರೆಗೆ ಓಕೆ. ಯಾವುದನ್ನೇ ಮಾಡಿ, ಚೆಕ್ ವಾಲ್ವ್ ಇಲ್ಲದೆ ಮಾಡಬೇಡಿ. ಟ್ಯಾಂಕಿನ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದರೆ ಬಾಟಲಿ ತುಂಬಿ ನೆಲವೆಲ್ಲ ಒದ್ದೆ.

ಇನ್ನು "ಲಿಕ್ವಿಡ್ ಕಾರ್ಬನ್" ಅಂತ ಬಾಟಲಿ ಮಾರುತ್ತಾರೆ. ಅದರಲ್ಲಿ ಹೆಚ್ಚಾಗಿ ಇರುವುದು ಗ್ಲುಟರಾಲ್ಡಿಹೈಡ್, ಆಸ್ಪತ್ರೆಯಲ್ಲಿ ಉಪಕರಣ ಶುದ್ಧ ಮಾಡಲು ಬಳಸುವ ವಸ್ತು. ಪಾಚಿಗೆ ಹೊಡೆತ ಕೊಡುತ್ತದೆ ನಿಜ, ವ್ಯಾಲಿಸ್ನೇರಿಯಾ ಗಿಡಕ್ಕೂ ಕೊಡುತ್ತದೆ. ಸಿಲಿಂಡರಿಗೆ ಬದಲಿ ಅಲ್ಲವೇ ಅಲ್ಲ.

ಮಂಗಳೂರಿನಿಂದ:

ಎಲ್ಲರೂ ಗ್ಯಾಸ್ ಬಗ್ಗೆಯೇ ಹೇಳಿದಿರಿ, ಫಿಲ್ಟರ್ ಪಾಪ ಒಂದು ಮೂಲೆಗೆ. ಗ್ಯಾಸ್ ನೀರಿನಲ್ಲಿ ಕರಗಿದರೆ ಸಾಲದು, ಆ ನೀರು ಪ್ರತಿ ಎಲೆಯ ಹತ್ತಿರ ಹೋಗಬೇಕು. 3 ಅಡಿಯಲ್ಲಿ ಒಂದು ಮೂಲೆಯ ಮಾಂಟೆ ಕಾರ್ಲೋ ಹಸಿರಾಗಿ ಹರಡಿ ಇನ್ನೊಂದು ಮೂಲೆಯದು ಹಳದಿಯಾದರೆ ಗೊಬ್ಬರ ಸುರಿಯುವ ಮೊದಲು ನೀರಿನ ಓಟ ನೋಡಿ.

ನಿಮ್ಮ ಅಳತೆಗೆ ಕ್ಯಾನಿಸ್ಟರ್. ಗಂಟೆಗೆ 1000ದಿಂದ 1500 ಲೀಟರ್ ಅಂತ ಬರೆದಿರುವುದು ಸಾಕು. ಡಬ್ಬದ ಮೇಲಿನ ಲೆಕ್ಕ ಒಳಗೆ ಸ್ಪಂಜು, ಸೆರಾಮಿಕ್ ರಿಂಗ್ ಏನೂ ಇಲ್ಲದೆ ಹಾಕಿದ ಲೆಕ್ಕ. ಮೀಡಿಯಾ (ಅದೇ ಸ್ಪಂಜು, ರಿಂಗ್) ತುಂಬಿ, ನೀರನ್ನು ಟ್ಯಾಂಕಿನ ಎತ್ತರಕ್ಕೆ ಏರಿಸಿ, ಒಂದು ತಿಂಗಳು ಕೊಳೆ ಕೂತ ಮೇಲೆ ಅದು ಎಷ್ಟೋ ಇಳಿಯುತ್ತದೆ. ಅದಕ್ಕೇ ಸ್ವಲ್ಪ ದೊಡ್ಡದೇ ಇರಲಿ. ಹಿಂದಿನ ಗೋಡೆಯ ಉದ್ದಕ್ಕೂ ಸ್ಪ್ರೇ ಬಾರ್ (ಸಾಲು ತೂತಿನ ಪೈಪ್) ಹಾಕಿದರೆ ನೀರು ಮುಂದಿನ ಗಾಜಿಗೆ ಬಡಿದು ಕೆಳಗಿಳಿದು ಹಾಸಿನ ಮೇಲೆ ಹಾದು ಬರುತ್ತದೆ. ಗಾಜಿನ ಲಿಲ್ಲಿ ಪೈಪ್ ನೋಡಲು ಚೆಂದ, ತೊಳೆಯುವಾಗ ಒಡೆಯುವುದೂ ಅಷ್ಟೇ ಚೆಂದ. ಮೀಡಿಯಾದಲ್ಲಿ ಕಾರ್ಬನ್ ಬೇಡ, ಔಷಧಿ ಹಾಕಿದ ನಂತರ ಅದನ್ನು ನೀರಿನಿಂದ ತೆಗೆಯಲು ಮುಖ್ಯವಾಗಿ ಅದರ ಉಪಯೋಗ.

ಹ್ಯಾಂಗ್ ಆನ್ ಬ್ಯಾಕ್ ಕೆಟ್ಟದ್ದೇನಲ್ಲ, 2 ಅಡಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ನೀರಿನ ಮಟ್ಟ ಇಳಿದು ಜಲಪಾತದ ಹಾಗೆ ಸುರಿಯಲು ಶುರುವಾದರೆ ಮಾತ್ರ ಹಾಕಿದ ಸಿಓ2 ಎಲ್ಲ ಗಾಳಿಗೆ.

ಆ ಹಳೇ ಸ್ಪಂಜ್ ಫಿಲ್ಟರ್ ಎಸೆಯಬೇಡಿ! ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಎಲ್ಲ ಅದರಲ್ಲಿದೆ. ಹೊಸ ಕ್ಯಾನಿಸ್ಟರ್ ಜೊತೆ ನಾಲ್ಕಾರು ವಾರ ಎರಡೂ ಓಡಲಿ. ಆಮೇಲೆ ಸ್ಪಂಜನ್ನು ಟೈಮರಿಗೆ ಹಾಕಿ ರಾತ್ರಿ ಮಾತ್ರ ಓಡಿಸಿ. ರಾತ್ರಿ ಗಿಡಗಳೂ ಆಮ್ಲಜನಕ ತಗೊಳ್ಳುತ್ತವೆ, ಮೀನಿಗೆ ಸಹಾಯವಾಗುತ್ತದೆ.

ಕಲಬುರಗಿಯಿಂದ:

ನಮ್ಮ ಊರಿನ ಬಿಸಿಲಿನಲ್ಲಿ ಟ್ಯಾಂಕ್ ಇಟ್ಟವನ ಮಾತೂ ಕೇಳಿ. ನೀರು 30 ಡಿಗ್ರಿ ದಾಟಿದರೆ ಅದರಲ್ಲಿ ಆಮ್ಲಜನಕವೇ ಕಡಿಮೆ ಹಿಡಿಯುತ್ತದೆ, ಮೇಲೆ ಸಿಓ2 ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಗ್ಯಾಸಿನ ಗುಳ್ಳೆ ಕಡಿಮೆ ಮಾಡಿ, ಲೈಟೂ ಕಡಿಮೆ ಮಾಡಿ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಮೊದಲು ಗ್ಯಾಸ್ ಬಂದ್, ಏರ್ ಪಂಪ್ ಆನ್. ಕಾರಣ ಆಮೇಲೆ ಹುಡುಕಿ. ಸಿಲಿಂಡರ್ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಬೇಡವೇ ಬೇಡ. 31 ಡಿಗ್ರಿ ಮೇಲೆ ಒಳಗೆ ದ್ರವ ದ್ರವವಾಗಿಯೇ ಉಳಿಯುವುದಿಲ್ಲ, ಒತ್ತಡ ಜೋರಾಗಿ ಏರುತ್ತದೆ.

ಕೋಲಾರದಿಂದ:

ಸಿಓ2 ಇಲ್ಲದೆಯೂ ಚೆಂದ ಮಾಡಬಹುದು ಅಂತ ಯಾರೂ ಹೇಳಲಿಲ್ಲ, ಹಾಗಾಗಿ ನಾನು. ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್, ನಮ್ಮದೇ ಕಡೆಯ ಲಗೆನಾಂಡ್ರಾ, ಮೇಲೆ ಒಂದಿಷ್ಟು ತೇಲುವ ಗಿಡ, ಮಂದ ಲೈಟ್. ಗಡಸು ಬೋರ್ ನೀರಿಗೆ ವ್ಯಾಲಿಸ್ನೇರಿಯಾ ಅಂತೂ ಹುಲ್ಲಿನಂತೆ ಹಬ್ಬುತ್ತದೆ. ಸಿಲಿಂಡರ್ ಹೊತ್ತು ಓಡಾಡುವ ಕೆಲಸವಿಲ್ಲ. ಮಾಂಟೆ ಕಾರ್ಲೋ ಹಾಸು ಸಿಗುವುದಿಲ್ಲ, ಅದು ಒಪ್ಪಿದೆ.

ಮತ್ತೆ ಬೆಂಗಳೂರಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಮನಸ್ಸು ಸಿಲಿಂಡರ್ ಮತ್ತು ಕ್ಯಾನಿಸ್ಟರ್ ಕಡೆಗೇ ವಾಲಿದೆ. ಸೆಕೆಂಡಿಗೆ ಎಷ್ಟು ಗುಳ್ಳೆ ಬಿಡಬೇಕು? ಸಾಕಾಯಿತು ಅಂತ ತಿಳಿಯುವುದು ಹೇಗೆ? ಇಲ್ಲಿ ಕರೆಂಟ್ ಆಗಾಗ ಹೋಗುತ್ತದೆ, ಅದೂ ಒಂದು ಭಯ.

ಮಂಗಳೂರಿನಿಂದ:

ಗುಳ್ಳೆ ಎಣಿಸುವುದು ನಿಮ್ಮದೇ ಟ್ಯಾಂಕಿನ ನಿನ್ನೆ-ಇವತ್ತು ಹೋಲಿಸಲು ಮಾತ್ರ ಸರಿ, ಇನ್ನೊಬ್ಬರ ಲೆಕ್ಕ ನಿಮಗೆ ಹೊಂದುವುದಿಲ್ಲ, ಒಂದೊಂದು ಕೌಂಟರಿನ ಗುಳ್ಳೆ ಒಂದೊಂದು ಗಾತ್ರ. ಸೆಕೆಂಡಿಗೆ ಒಂದರಿಂದ ಶುರು ಮಾಡಿ, ದಿನಾ ಸ್ವಲ್ಪ ಏರಿಸಿ, ಮನೆಯಲ್ಲಿ ಇರುವ ದಿನ ಮಾತ್ರ ಏರಿಸಿ. ಡ್ರಾಪ್ ಚೆಕರ್ ಅಂತ ಸಣ್ಣ ಗಾಜಿನ ಬುರುಡೆ ಸಿಗುತ್ತದೆ. ಅದರೊಳಗೆ 4 ಡಿಕೆಎಚ್ (ಕಾರ್ಬೊನೇಟ್ ಗಡಸುತನದ ಅಳತೆ) ಇರುವ, ಬಣ್ಣ ಬದಲಿಸುವ ದ್ರಾವಣ ಹಾಕಬೇಕು, ಟ್ಯಾಂಕಿನ ನೀರಲ್ಲ. ನೀಲಿ ಅಂದರೆ ಸಿಓ2 ಕಡಿಮೆ, ಹಸಿರು ಅಂದರೆ ಸುಮಾರು 30 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಹಳದಿ ಅಂದರೆ ಮೀನಿಗೆ ಅಪಾಯ. ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುತ್ತದೆ, ಅವಸರಪಟ್ಟು ವಾಲ್ವ್ ತಿರುಗಿಸಬೇಡಿ. ಬರೀ ಪಿಎಚ್ ನಂಬರ್ ನೋಡಿ ತೀರ್ಮಾನಿಸುವುದೂ ಬೇಡ. ನಮ್ಮ ಕರಾವಳಿಯ ಮೆದು ಬಾವಿ ನೀರಿನ ಪಿಎಚ್ಚೇ ಬೇರೆ, ನಿಮ್ಮ ಬೋರ್ ನೀರಿನದ್ದೇ ಬೇರೆ, ಸಿಓ2 ಎರಡರಲ್ಲೂ ಒಂದೇ ಇರಬಹುದು.

ಕರೆಂಟ್ ಹೋದರೆ ಕ್ಯಾನಿಸ್ಟರನ್ನು ಇನ್ವರ್ಟರಿಗೆ ಕೊಡಿ, ಅದು ಕುಡಿಯುವ ಕರೆಂಟ್ ಕಡಿಮೆ. ತುಂಬಾ ಹೊತ್ತು ನಿಂತಿದ್ದರೆ ಮಾತ್ರ ಹಾಗೇ ಆನ್ ಮಾಡಬೇಡಿ. ಮುಚ್ಚಿದ ಡಬ್ಬದಲ್ಲಿ ಆಮ್ಲಜನಕ ಮುಗಿದು ನೀರು ನಾರುತ್ತಿರುತ್ತದೆ. ಆ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನ ನೀರಿನಲ್ಲಿ ಅದ್ದಿ ಹಿಂಡಿ, ಆಮೇಲೆ ಓಡಿಸಿ.

ಮೈಸೂರಿನಿಂದ:

ಕೊನೆಗೆ ಸುರಕ್ಷತೆ ಬಗ್ಗೆ, ಇದನ್ನು ಅಂಗಡಿಯಲ್ಲಿ ಹೇಳುವವರು ಕಡಿಮೆ. 2 ಕೆಜಿ ಸಿಓ2 ಪೂರ್ತಿ ಸೋರಿದರೆ ಸಾವಿರ ಲೀಟರಿಗೂ ಜಾಸ್ತಿ ಗ್ಯಾಸ್ ಆಗುತ್ತದೆ. ಹತ್ತು ಅಡಿಗೆ ಹತ್ತು ಅಡಿ, ಹತ್ತು ಅಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಅದು ಗಾಳಿಯ ಸುಮಾರು 4 ಭಾಗ, ನೂರಕ್ಕೆ. ಪ್ರಾಣಕ್ಕೇ ಅಪಾಯ ಎನ್ನುವ ಮಟ್ಟ ಅದು. ಮಲಗುವ ಕೋಣೆಯಲ್ಲಿ ಬೇಡ. ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಬೆಲ್ಟ್ ಕಟ್ಟಿ, ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಫೈರ್ ಎಕ್ಸ್‌ಟಿಂಗ್ವಿಷರ್ ಅಂಗಡಿಗಳಲ್ಲಿ, ವೆಲ್ಡಿಂಗ್ ಗ್ಯಾಸ್ ಮಾರುವಲ್ಲಿ ರೀಫಿಲ್ ಕೇಳಿ ನೋಡಿ. 5 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ತಡೆಯುತ್ತದೆಯೇ ಎಂದು ನೋಡುವುದು) ಆಗಬೇಕು, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕೆತ್ತಿದ ತಾರೀಖು ಓದಿ. ರೆಗ್ಯುಲೇಟರ್ ತಗೊಳ್ಳುವ ಮೊದಲೇ ಸಿಲಿಂಡರ್ ವಾಲ್ವಿನ ಥ್ರೆಡ್ ಯಾವುದು ಅಂತ ಕೇಳಿ, ಸಿಜಿಎ 320 ಮತ್ತು ಡಬ್ಲ್ಯೂ 21.8 ಒಂದಕ್ಕೊಂದು ಕೂರುವುದಿಲ್ಲ. ಜೋಡಿಸಿದ ಮೇಲೆ ಎಲ್ಲ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ನೋಡಿ. ರೀಫಿಲ್ ಆದಾಗಲೆಲ್ಲ ಹೊಸ ವಾಷರ್ ಹಾಕಿ, ಒಂದೆರಡು ಎಕ್ಸ್‌ಟ್ರಾ ತಂದಿಟ್ಟುಕೊಳ್ಳಿ, ಭಾನುವಾರ ಸಂಜೆ ಬೇಕಾದರೆ ಅದು ಎಲ್ಲೂ ಸಿಗುವುದಿಲ್ಲ.