ಓದುಗರ ಸ್ಪಂದನ: ಗಾಳಿ ಅಳೆಯದ ಓಟ, ಬರೆಯದೇ ಬಿಟ್ಟ ‘ದಾಖಲೆ’

ಪ್ರಾದೇಶಿಕ ಪತ್ರಿಕೆಯ ಕ್ರೀಡಾ ವರದಿಗಾರರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಇಕ್ಕಟ್ಟು ಹೇಳಿಕೊಂಡಿದ್ದರು. ವಿಶ್ವವಿದ್ಯಾಲಯ ಕ್ರೀಡಾಕೂಟದ ಮಹಿಳೆಯರ 100 ಮೀಟರ್ ಓಟದಲ್ಲಿ ‘ನೂತನ ಕೂಟ ದಾಖಲೆ’ ಎಂದು ಮೈಕಿನಲ್ಲಿ ಘೋಷಣೆಯಾಯಿತು. ಹಿಂದಿನಿಂದ ಬೀಸುವ ಗಾಳಿ ಓಟಗಾರರಿಗೆ ನೆರವಾಗುವುದರಿಂದ ಅದರ ಅಳತೆ ಇಲ್ಲದೆ ದಾಖಲೆ ಎನ್ನುವಂತಿಲ್ಲ. ಗಾಳಿಯ ವೇಗ ಅಳೆಯುವ ವಿಂಡ್ ಗೇಜ್ ಮಾತ್ರ ಟ್ರ್ಯಾಕ್ ಪಕ್ಕ ಇರಲೇ ಇಲ್ಲ. ಅದನ್ನು ಕಂಡ ಇವರು ಸಮಯ, ಸ್ಥಾನ ಅಷ್ಟೇ ಬರೆದರು. ಉಳಿದ ಪತ್ರಿಕೆಗಳೆಲ್ಲ ದಾಖಲೆ ಎಂದೇ ಬರೆದವು. ಈಗ ಹುಡುಗಿಯ ತಂದೆ ಫೋನ್ ಮಾಡಿ, ‘ನನ್ನ ಮಗಳ ಮೇಲೆ ನಿಮಗೇನು ಸಿಟ್ಟು?’ ಎನ್ನುತ್ತಿದ್ದಾರೆ. ಕಾರಣ ಬರೆಯಬೇಕೇ, ಸುಮ್ಮನಿರಬೇಕೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಅತಿ ಚಿಕ್ಕದು ಮೊದಲಿಗೆ.

ಕಂಡಿದ್ದನ್ನು ಬರೆಯೋದಕ್ಕೇ ಅಲ್ವಾ ನಿಮಗೆ ಸಂಬಳ? ಅರ್ಧ ಬರೆದು, ಉಳಿದರ್ಧಕ್ಕೆ ನಮ್ಮನ್ನು ಕೇಳುತ್ತೀರಲ್ಲ!
– ನಿವೃತ್ತ ಶಿಕ್ಷಕ

ಮಾತು ಖಾರ. ತಳ್ಳಿಹಾಕುವಂತೆಯೂ ಇಲ್ಲ. ಮುಂದಿನ ಪತ್ರ ಉದ್ದವಿದೆ, ಕತ್ತರಿ ಹಾಕಲು ಮನಸ್ಸಾಗಲಿಲ್ಲ.

ಸರ್, ನಾನು ಕಾಲೇಜು ದಿನಗಳಲ್ಲಿ ಲಾಂಗ್ ಜಂಪ್ ಮಾಡುತ್ತಿದ್ದೆ. ನಿಮ್ಮ ಪತ್ರ ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಅವತ್ತು ಎಷ್ಟು ಗಾಳಿ ಅಂದರೆ ಎದೆಯ ಮೇಲಿನ ನಂಬರ್ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ಅಳೆಯುವ ಟೇಪು ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತಿತ್ತು, ಒಬ್ಬರು ಅದನ್ನು ಕಾಲಲ್ಲಿ ಒತ್ತಿ ಹಿಡಿದರು. ಫಲಿತಾಂಶದ ಹಾಳೆಗಳು ಹಾರದಿರಲಿ ಎಂದು ಅದರ ಮೇಲೊಂದು ಡಬ್ಬಿ ಇಟ್ಟಿದ್ದರು. ಆ ಡಬ್ಬಿಯೊಳಗೇ ಇತ್ತು ವಿಂಡ್ ಗೇಜ್! ಆಗ ನನಗೆ ಅದೇನೂ ಗೊತ್ತಿರಲಿಲ್ಲ. ಹಾರಿದೆ, ದಾಖಲೆ ಅಂದರು, ಕುಣಿದಾಡಿದೆ. ಪತ್ರಿಕೆಯಲ್ಲಿ ಫೋಟೊ ಬಂತು. ಅಪ್ಪ ಅದನ್ನು ಲ್ಯಾಮಿನೇಷನ್ ಮಾಡಿಸಿದರು.

ಕಷ್ಟ ಶುರುವಾಗಿದ್ದು ಆಮೇಲೆ. ಮುಂದಿನ ಯಾವ ಕೂಟದಲ್ಲೂ ಆ ದೂರದ ಹತ್ತಿರಕ್ಕೂ ಹೋಗಲಾಗಲಿಲ್ಲ. ‘ಹುಡುಗಿಗೆ ತಲೆ ತಿರುಗಿದೆ, ಅಭ್ಯಾಸ ಬಿಟ್ಟಿದ್ದಾಳೆ’ ಎಂದರು. ಕೋಚ್ ನನ್ನ ರನ್ ಅಪ್ ಬದಲಿಸಿದರು, ಮತ್ತೆ ಬದಲಿಸಿದರು. ಇಲ್ಲದ ದೂರವನ್ನು ಅಟ್ಟಿಕೊಂಡು ಹೋಗಿ ತೊಡೆಯ ಹಿಂದಿನ ಸ್ನಾಯು ಹರಿದುಕೊಂಡೆ. ಕೊನೆಗೊಂದು ಆಯ್ಕೆಯಲ್ಲಿ ಹಾಳೆ ನೋಡಿದವರು, ‘ಗಾಳಿಯ ಕಾಲಂ ಖಾಲಿ ಇದೆಯಲ್ಲಮ್ಮ’ ಎಂದು ಪಕ್ಕಕ್ಕಿಟ್ಟರು. ನನಗೆ ವಿಷಯ ತಿಳಿದದ್ದೇ ಆವಾಗ.

ಅವತ್ತು ಮೈದಾನದಲ್ಲಿದ್ದ ವರದಿಗಾರರೊಬ್ಬರು ಎಷ್ಟೋ ವರ್ಷದ ಮೇಲೆ ಸಿಕ್ಕಿದ್ದರು. ‘ನಮಗೆ ಗೊತ್ತಿತ್ತಮ್ಮ, ನಿನ್ನ ಮನಸ್ಸು ನೋಯಿಸಬಾರದು ಅಂತ ಬರೆಯಲಿಲ್ಲ’ ಎಂದರು. ಏನು ಹೇಳಲಿ ಅವರಿಗೆ? ಅವತ್ತೇ ಹೇಳಿದ್ದರೆ ಒಂದು ಸಂಜೆ ಅತ್ತು ಸುಮ್ಮನಾಗುತ್ತಿದ್ದೆ.

ಬರೆಯಿರಿ ಸರ್. ಆದರೆ ಪತ್ರಿಕೆಯಲ್ಲಿ ಓದಿ ಅವಳಿಗೆ ಗೊತ್ತಾಗುವುದು ಬೇಡ. ಮೊದಲು ಅವಳಿಗೇ ಹೇಳಿ. ಅಪ್ಪನಿಗಲ್ಲ, ಕೋಚ್‌ಗಲ್ಲ, ಅವಳಿಗೆ. ಚಿನ್ನ ಅವಳದೇ ಅನ್ನುವುದನ್ನೂ ಹೇಳಿ. ಗಾಳಿ ಬೀಸಿದ್ದು ಎಲ್ಲ ಲೇನಿಗೂ ತಾನೇ?
– ಹೆಸರು ಬೇಡ

ಇನ್ನೊಂದು ಕಡೆಯ ಮಾತನ್ನೂ ಕೇಳೋಣ.

ಎಲ್ಲದಕ್ಕೂ ತೀರ್ಪುಗಾರರನ್ನು ಬೈಯುವುದು ಸುಲಭ. 100 ಮೀಟರ್ ಓಟಕ್ಕೆ ಗೇಜನ್ನು ಅಂತಿಮ ಗೆರೆಯಿಂದ 50 ಮೀಟರ್ ಹಿಂದೆ, ಒಂದನೇ ಲೇನಿನ ಪಕ್ಕ, ಟ್ರ್ಯಾಕಿನಿಂದ 2 ಮೀಟರ್ ಮೀರದ ಹಾಗೆ, 1.22 ಮೀಟರ್ ಎತ್ತರದಲ್ಲಿ ಇಡಬೇಕು. ಗುಂಡು ಹಾರಿದಾಗಿನಿಂದ 10 ಸೆಕೆಂಡ್ ಅಳೆಯಬೇಕು. ಲಾಂಗ್ ಜಂಪ್‌ಗೆ 5 ಸೆಕೆಂಡ್. 200 ಮೀಟರ್‌ಗೆ ಮುಂದಿರುವ ಓಟಗಾರ ತಿರುವು ಮುಗಿಸಿ ನೇರ ಹಾದಿಗೆ ಬಂದ ಮೇಲೆ ಎಣಿಕೆ ಶುರು. ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2.0 ಮೀಟರ್ ದಾಟಿದರೆ ದಾಖಲೆ ಇಲ್ಲ. ಇದಕ್ಕೆಂದೇ ಒಬ್ಬರನ್ನು ಬಿಡಬೇಕು. ಇರುವ ನಾಲ್ಕು ಜನ ಸ್ಟಾರ್ಟಿಂಗ್ ಬ್ಲಾಕ್ ಹೊರಬೇಕಾ, ಹರ್ಡಲ್ಸ್ ಜೋಡಿಸಬೇಕಾ, ಗೇಜ್ ನೋಡಬೇಕಾ? ವರದಿಗಾರರು ಒಂದು ದಿನ ಬಿಸಿಲಲ್ಲಿ ನಮ್ಮ ಜೊತೆ ನಿಲ್ಲಲಿ.
– ಅಥ್ಲೆಟಿಕ್ಸ್ ತೀರ್ಪುಗಾರ

ಗೇಜ್ ಇಡುವ ಕ್ರಮ ತಿಳಿಸಿದ್ದಕ್ಕೆ ಧನ್ಯವಾದ. ಇಡದೆಯೂ ದಾಖಲೆ ಘೋಷಿಸಿದ್ದು ಹೇಗೆ ಎಂದು ಅವರು ಬರೆದಿಲ್ಲ.

ನನ್ನ ಮಗ 1500 ಮೀಟರ್ ಓಡುತ್ತಾನೆ. ಕ್ರಿಕೆಟಿಗನ ಹಿಮ್ಮಡಿ ನೋವಿಗೆ ಅರ್ಧ ಪುಟ, ಇವನ ಚಿನ್ನಕ್ಕೆ ಒಂದು ಸಾಲು. ಅದರಲ್ಲೂ ಹೆಸರು ತಪ್ಪು. ದಾಖಲೆ ಹೌದೋ ಅಲ್ಲವೋ ಆಮೇಲೆ ನೋಡೋಣ, ಮೊದಲು ಹೆಸರು ಸರಿಯಾಗಿ ಹಾಕಿ.
– ಓಟಗಾರನ ತಾಯಿ

ಈ ದೂರು ನಮಗೂ ಸೇರುತ್ತದೆ. ಮತ್ತೆ ಪ್ರಶ್ನೆಗೆ ಬರೋಣ. ಇದು ಕ್ರೀಡಾ ಪುಟದ ಡೆಸ್ಕಿನಲ್ಲಿ ಕೂತವರ ಪತ್ರ.

ಬಾರ್ಬಡೋಸ್‌ನ ಓಟಗಾರ ಒಬಡೆಲೆ ಥಾಂಪ್ಸನ್ ಗೊತ್ತಲ್ಲ? 1996ರಲ್ಲಿ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ 100 ಮೀಟರನ್ನು 9.69 ಸೆಕೆಂಡಿನಲ್ಲಿ ಓಡಿದರು. ಆಗಿನ ವಿಶ್ವದಾಖಲೆ 9.85. ಗಾಳಿ ಸೆಕೆಂಡಿಗೆ 5 ಮೀಟರ್‌ಗೂ ಜಾಸ್ತಿ ಇತ್ತು, ಹಾಗಾಗಿ ದಾಖಲೆ ಸಿಗಲಿಲ್ಲ. ಮರ್ಯಾದೆಯೇನೂ ಹೋಗಲಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಅಮೆರಿಕದ ಓಟಗಾರ್ತಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಕಥೆ ಬೇರೆ. 1988ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಅವರು 100 ಮೀಟರನ್ನು 10.49 ಸೆಕೆಂಡಿನಲ್ಲಿ ಓಡಿದಾಗ ಗೇಜ್ ತೋರಿಸಿದ ಗಾಳಿ 0.0. ಅದೇ ಹೊತ್ತಿಗೆ ಪಕ್ಕದ ಟ್ರಿಪಲ್ ಜಂಪ್ ಅಂಕಣದಲ್ಲಿ 4.3! ದಾಖಲೆ ಇನ್ನೂ ಪುಸ್ತಕದಲ್ಲಿದೆ, ಅದರ ಬೆನ್ನಿಗೆ ಅನುಮಾನವೂ ಇದೆ. ಓಡಿದವರ ತಪ್ಪೇನಿತ್ತು ಅದರಲ್ಲಿ?

ನಾನಾದರೆ ಸಂಘಟಕರಿಗೆ ಫೋನ್ ಮಾಡಿ ‘ಗಾಳಿಯ ಅಂಕಿ ಕೊಡಿ’ ಎಂದು ಕೇಳುತ್ತೇನೆ. ಕೊಡದಿದ್ದರೆ ಅದೇ ಸುದ್ದಿ. ಶೀರ್ಷಿಕೆಯಲ್ಲಿ ಸಂಘಟಕರಿರಲಿ, ಹುಡುಗಿ ಬೇಡ.
– ಉಪಸಂಪಾದಕ

ಹೀಗೂ ಒಂದು ಸಲಹೆ:

ಬಿಟ್ಟಾಕಿ ಸರ್, ಮುಂದಿನ ವರ್ಷ ಯಾರೋ ಮುರೀತಾರೆ.
– ಕ್ರೀಡಾಭಿಮಾನಿ

ಗಾಳಿಯ ನೆರವಿನಲ್ಲಿ ಬರೆದ ಸಮಯವನ್ನು ಮುಂದಿನ ವರ್ಷ ಗಾಳಿಯಿಲ್ಲದೆ ಮುರಿಯಬೇಕಾದವಳು ಯಾರು ಎಂದು ಇವರು ತಿಳಿಸಿಲ್ಲ. ಜಾಗದ ಕೊರತೆಯಿಂದ ಉಳಿದ ಪತ್ರಗಳನ್ನು ಹಾಕಲಾಗುತ್ತಿಲ್ಲ, ಎಲ್ಲವನ್ನೂ ವರದಿಗಾರರಿಗೆ ಕಳಿಸಿದ್ದೇವೆ. ಕೋಚ್‌ಗಳಿಂದ ಒಂದೂ ಬಂದಿಲ್ಲ.
– ಸಂ.